ಹತ್ತು ರಿಯಾಲಿನ ಕಂಟ್ರೋಲರ್‌ನ ಒಳಗೆ

ಒಮಾನಿನ ರಿಯಾಲ್ ಜಗತ್ತಿನ ಅತಿ ಹೆಚ್ಚು ಮೌಲ್ಯದ ನಾಣ್ಯಗಳಲ್ಲಿ ಒಂದಾಗಿದ್ದು, 1986ರಿಂದೀಚೆಗೆ ಒಂದು ರಿಯಾಲಿಗೆ ಸುಮಾರು 2.60 ಅಮೆರಿಕನ್ ಡಾಲರ್ ಎಂಬ ಸ್ಥಿರ ದರದಲ್ಲಿ ಡಾಲರಿನೊಂದಿಗೆ ಬೆಸೆದುಕೊಂಡಿದೆ. ರೂಪಾಯಿಯ ಲೆಕ್ಕದಲ್ಲಿ ಒಂದು ರಿಯಾಲ್ ಇನ್ನೂರನ್ನು ದಾಟುತ್ತದೆ. ಮಸ್ಕತ್‌ನ ರುವಿ, ವಾದಿ ಕಬೀರ್, ಘುಬ್ರಾಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಗುಣಾಕಾರ ಬಾಯಿಪಾಠವೇ ಆಗಿದ್ದರೂ ಅಂಗಡಿಯ ಕಪಾಟಿನ ಮುಂದೆ ನಿಂತಾಗ ಅದು ಮರೆತುಹೋಗುವುದುಂಟು. ಬೆಲೆಚೀಟಿಯ ಮೇಲಿನ ಆರು, ಒಂಬತ್ತು, ಹನ್ನೆರಡು ಎಂಬ ಸಣ್ಣ ಅಂಕಿಗಳು ವಸ್ತುವನ್ನು ಅದರ ನಿಜವಾದ ಬೆಲೆಗಿಂತ ಹಗುರವಾಗಿ ಕಾಣಿಸುತ್ತವೆ. ವಿಡಿಯೊ ಗೇಮ್ ಆಡಲು ಕೊಳ್ಳುವ ನಿಸ್ತಂತು ಕಂಟ್ರೋಲರ್, ಅಂದರೆ ತಂತಿಯಿಲ್ಲದೆ ಕೆಲಸ ಮಾಡುವ ಕೈಹಿಡಿ, ಹೀಗೆ ಹಗುರವಾಗಿ ಕಂಡು ಮನೆ ಸೇರುವ ಸಾಮಾನುಗಳ ಸಾಲಿಗೆ ಸೇರುತ್ತದೆ. ಆರು ರಿಯಾಲಿನ ಕಂಟ್ರೋಲರ್ ಕೆಲವೇ ತಿಂಗಳಲ್ಲಿ ಕೆಟ್ಟು, ಅದರ ಜಾಗಕ್ಕೆ ಇನ್ನೊಂದು ಬಂದು, ಅದೂ ಕೆಟ್ಟರೆ, ಆ ಮನೆಯು ಒಂದೇ ಒಳ್ಳೆಯ ಕಂಟ್ರೋಲರಿಗೆ ಕೊಡಬಹುದಾಗಿದ್ದ ಹಣವನ್ನು ಕೊಟ್ಟೂ ಒಳ್ಳೆಯದನ್ನು ಪಡೆಯದೆ ಉಳಿಯುತ್ತದೆ.

ಇಲ್ಲಿ ಅಗ್ಗವೆಂಬುದೇ ದೋಷವಲ್ಲ. ಕಳೆದ ಕೆಲವು ವರ್ಷಗಳಲ್ಲಿ ಕಂಟ್ರೋಲರ್‌ಗಳ ತಯಾರಿಕೆಯಲ್ಲಿ ಆಗಿರುವ ಬದಲಾವಣೆಯನ್ನು ಗಮನಿಸಿದರೆ, ಹತ್ತು ಹನ್ನೆರಡು ರಿಯಾಲಿನ ಕೆಲವು ಮಾದರಿಗಳು ಇಪ್ಪತ್ತೊಂಬತ್ತು ರಿಯಾಲಿನ ಅಧಿಕೃತ ಮಾದರಿಗಳಿಗಿಂತ ಒಂದು ಮುಖ್ಯ ಅಂಗದಲ್ಲಿ ಮುಂದಿವೆ ಎಂದೇ ಹೇಳಬೇಕಾಗುತ್ತದೆ. ಹಣ ಪೋಲಾಗುವುದು ಕೊಂಡ ವಸ್ತು ಮನೆಯಲ್ಲಿರುವ ಯಂತ್ರಕ್ಕೆ ಹೊಂದದಿದ್ದಾಗ ಮತ್ತು ಅದರ ಒಳಗೆ ಏನಿದೆ ಎಂಬುದನ್ನು ಕೇಳದೆ ಹೊರಗಿನ ಬಣ್ಣದ ದೀಪಗಳನ್ನು ಮಾತ್ರ ನೋಡಿ ಕೊಂಡಾಗ.

ಮಾರುಕಟ್ಟೆಯಲ್ಲಿ ಇಂಥ ಅಗ್ಗದ ಮಾದರಿಗಳನ್ನು ‘ಥರ್ಡ್ ಪಾರ್ಟಿ’ ಕಂಟ್ರೋಲರ್‌ಗಳೆಂದು ಕರೆಯುತ್ತಾರೆ. ಆಟದ ಯಂತ್ರವನ್ನು ತಯಾರಿಸಿದ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊಗಳಂಥ ಕಂಪನಿ ಮೊದಲನೆಯವರು, ಅದನ್ನು ಕೊಂಡವರು ಎರಡನೆಯವರು, ಆ ಯಂತ್ರಕ್ಕೆ ಹೊಂದುವ ಉಪಕರಣವನ್ನು ಸ್ವತಂತ್ರವಾಗಿ ತಯಾರಿಸಿ ಮಾರುವವರು ಮೂರನೆಯವರು ಎಂಬುದು ಈ ಮಾತಿನ ಹಿಂದಿರುವ ಲೆಕ್ಕ. ಚೀನಾದ 8ಬಿಟ್‌ಡೂ, ಗೇಮ್‌ಸರ್, ಗುಲಿಕಿಟ್, ಜಪಾನಿನ ಹೋರಿ, ಭಾರತದ ಮಾರುಕಟ್ಟೆಯಲ್ಲಿ ಪರಿಚಿತವಾಗಿರುವ ರೆಡ್‌ಗಿಯರ್, ಕಾಸ್ಮಿಕ್ ಬೈಟ್ ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಇವು ತಮ್ಮದೇ ಹೆಸರಿನಲ್ಲಿ ತಮ್ಮದೇ ವಸ್ತುವನ್ನು ಮಾರುವ ತಯಾರಕರು. ಸೋನಿಯ ಮುದ್ರೆಯನ್ನೇ ಹಾಕಿಕೊಂಡು ‘ಫಸ್ಟ್ ಕಾಪಿ’, ‘ಮಾಸ್ಟರ್ ಕಾಪಿ’ ಎಂಬ ಹೆಸರಿನಲ್ಲಿ ಕೊಲ್ಲಿ ದೇಶಗಳ ಅಂಗಡಿಗಳಲ್ಲಿ ಬಿಕರಿಯಾಗುವ ನಕಲಿ ಕಂಟ್ರೋಲರ್‌ಗಳು ಬೇರೆಯೇ ಜಾತಿಯವು. ಈ ಎರಡನ್ನೂ ‘ಡೂಪ್ಲಿಕೇಟ್’ ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುವುದು ಪ್ರಾಮಾಣಿಕ ತಯಾರಕರಿಗೆ ಅನ್ಯಾಯ ಮಾಡುವುದಷ್ಟೇ ಅಲ್ಲದೆ ಕೊಳ್ಳುವವರನ್ನೂ ದಾರಿತಪ್ಪಿಸುತ್ತದೆ. ನಕಲಿಯ ಮೇಲೆ ತಯಾರಕರ ಹೆಸರೇ ಸುಳ್ಳಾಗಿರುವುದರಿಂದ ಅದು ಕೆಟ್ಟಾಗ ಕೇಳಲು ಯಾರೂ ಇರುವುದಿಲ್ಲ.

ಕೊಳ್ಳುವ ಮುನ್ನ ಇತ್ಯರ್ಥವಾಗಬೇಕಾದ ಮೊದಲ ಪ್ರಶ್ನೆ, ಕಂಟ್ರೋಲರ್ ಯಾವ ಯಂತ್ರದೊಂದಿಗೆ ಕೆಲಸ ಮಾಡಬೇಕು ಎಂಬುದು. ಇದು ಬೆಲೆಗಿಂತ ಮುಂಚಿನ ಪ್ರಶ್ನೆ. ಏಕೆಂದರೆ ಆಟದ ಯಂತ್ರಗಳು ತಮ್ಮ ಬಾಗಿಲನ್ನು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ತೆರೆದಿಲ್ಲ. ಪ್ಲೇಸ್ಟೇಷನ್ 5 ತನ್ನ ಹೊಸ ಆಟಗಳಿಗೆ ಸೋನಿಯ ಡ್ಯುಯಲ್‌ಸೆನ್ಸ್ ಅಥವಾ ಸೋನಿಯಿಂದ ಪರವಾನಗಿ ಪಡೆದ ಕಂಟ್ರೋಲರ್‌ಗಳನ್ನೇ ಬಯಸುತ್ತದೆ. ಸ್ವತಃ ಸೋನಿಯದೇ ಹಿಂದಿನ ತಲೆಮಾರಿನ ಡ್ಯುಯಲ್‌ಶಾಕ್ 4 ಕೂಡ ಪ್ಲೇಸ್ಟೇಷನ್ 5ರ ಆಟಗಳಲ್ಲಿ ನಡೆಯುವುದಿಲ್ಲ. ಪರವಾನಗಿ ಪಡೆದ ನಿಸ್ತಂತು ಮಾದರಿಗಳು ಅಧಿಕೃತ ಕಂಟ್ರೋಲರಿಗಿಂತಲೂ ದುಬಾರಿಯಾಗಿರುವುದೇ ಸಾಮಾನ್ಯವಾದ್ದರಿಂದ, ಪ್ಲೇಸ್ಟೇಷನ್ 5 ಇರುವ ಮನೆಗೆ ‘ಅಗ್ಗದ ಥರ್ಡ್ ಪಾರ್ಟಿ ನಿಸ್ತಂತು ಕಂಟ್ರೋಲರ್’ ಎಂಬ ವಸ್ತು ಹೆಚ್ಚುಕಡಿಮೆ ಇಲ್ಲವೆಂದೇ ತಿಳಿಯುವುದು ಸುರಕ್ಷಿತ. ಎಕ್ಸ್‌ಬಾಕ್ಸ್‌ನ ಸ್ಥಿತಿಯೂ ಹತ್ತಿರದ್ದೇ. ಮೈಕ್ರೋಸಾಫ್ಟ್ ತನ್ನ ಯಂತ್ರಗಳಿಗೆ ತನ್ನದೇ ಆದ ನಿಸ್ತಂತು ಸಂಕೇತಪದ್ಧತಿಯನ್ನು ಬಳಸುತ್ತದೆ. 2023ರ ನವೆಂಬರ್‌ನಿಂದ ಪರವಾನಗಿಯಿಲ್ಲದ ಉಪಕರಣಗಳನ್ನು ಎಕ್ಸ್‌ಬಾಕ್ಸ್ ಯಂತ್ರಗಳು ಗುರುತಿಸಿ ತಡೆಯತೊಡಗಿದ್ದರಿಂದ, ಅದುವರೆಗೆ ಅಡಾಪ್ಟರ್ ಮೂಲಕ ನಡೆಯುತ್ತಿದ್ದ ಎಷ್ಟೋ ಕಂಟ್ರೋಲರ್‌ಗಳು ರಾತ್ರೋರಾತ್ರಿ ನಿರುಪಯೋಗಿಯಾದವು. ಎಕ್ಸ್‌ಬಾಕ್ಸ್‌ಗೆ ಪರವಾನಗಿಯೊಂದಿಗೆ ಬರುವ ಅಗ್ಗದ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು ತಂತಿಯವು.

ಹಾಗಾದರೆ ಉಳಿಯುವ ವಿಶಾಲವಾದ ಬಯಲು ಯಾವುದೆಂದರೆ ಕಂಪ್ಯೂಟರ್, ಆಂಡ್ರಾಯ್ಡ್ ಫೋನ್, ಆಂಡ್ರಾಯ್ಡ್ ಟಿವಿ ಮತ್ತು ನಿಂಟೆಂಡೊ ಸ್ವಿಚ್. ಅನ್ಯ ತಯಾರಕರ ಅಗ್ಗದ ಕಂಟ್ರೋಲರ್‌ಗಳು ನಿಜವಾಗಿ ಅರಳಿರುವುದು ಇಲ್ಲಿ. ಇಲ್ಲಿಯೂ ಒಂದು ತೊಡಕಿದೆ: ಒಂದೇ ಹೆಸರಿನ, ಒಂದೇ ಆಕಾರದ ಕಂಟ್ರೋಲರ್ ಬೇರೆ ಬೇರೆ ಯಂತ್ರಗಳಿಗಾಗಿ ಬೇರೆ ಬೇರೆ ಆವೃತ್ತಿಗಳಲ್ಲಿ ಬರುತ್ತದೆ. 8ಬಿಟ್‌ಡೂ ಕಂಪನಿಯ ‘ಅಲ್ಟಿಮೇಟ್’ ಸರಣಿಯಲ್ಲಿ ಸ್ವಿಚ್‌ಗೆ ಹೊಂದುವ ಬ್ಲೂಟೂತ್ ಆವೃತ್ತಿಯೂ, ಕಂಪ್ಯೂಟರಿಗೆಂದು ರೂಪಿಸಿದ ಆವೃತ್ತಿಯೂ ಪ್ರತ್ಯೇಕವಾಗಿದ್ದು, ಪೆಟ್ಟಿಗೆಯ ಚಿತ್ರ ನೋಡಿ ಮಾತ್ರ ಕೊಂಡವರು ಮನೆಗೆ ಬಂದು ಪೇಚಾಡುವ ಸಾಧ್ಯತೆ ಹೆಚ್ಚು. ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುವ ಯಂತ್ರಗಳ ಪಟ್ಟಿಯೇ ಇಲ್ಲಿ ನಿರ್ಣಾಯಕ. ಮಾರಾಟಗಾರರ ‘ಎಲ್ಲಕ್ಕೂ ಆಗುತ್ತದೆ’ ಎಂಬ ಭರವಸೆ ಆ ಪಟ್ಟಿಗೆ ಬದಲಿಯಾಗಲಾರದು. ಕಂಪ್ಯೂಟರಿನಲ್ಲಿ ಆಡುವವರು ‘ಎಕ್ಸ್‌ಇನ್‌ಪುಟ್’ ಎಂಬ ಪದವನ್ನೂ ಹುಡುಕಬೇಕು. ಕಂಟ್ರೋಲರಿನ ಗುಂಡಿಗಳನ್ನು ವಿಂಡೋಸ್ ಅರ್ಥಮಾಡಿಕೊಳ್ಳಲು ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ರ ಕಾಲದಲ್ಲಿ ರೂಪಿಸಿದ ಭಾಷೆ ಅದು. ಅದಕ್ಕಿಂತ ಹಳೆಯದಾದ ‘ಡೈರೆಕ್ಟ್‌ಇನ್‌ಪುಟ್’ ಮಾತ್ರ ಬಲ್ಲ ಕಂಟ್ರೋಲರನ್ನು ಇಂದಿನ ಬಹುಪಾಲು ಆಟಗಳು ನೇರವಾಗಿ ಗುರುತಿಸುವುದಿಲ್ಲ.

ಎರಡನೆಯ ಪ್ರಶ್ನೆ ಕಂಟ್ರೋಲರಿನ ಎರಡು ಸ್ಟಿಕ್‌ಗಳಿಗೆ, ಅಂದರೆ ಹೆಬ್ಬೆರಳಿನಿಂದ ಎಲ್ಲ ದಿಕ್ಕಿಗೂ ಹೊರಳಿಸುವ ಗಿಡ್ಡ ಕಡ್ಡಿಗಳಿಗೆ ಸಂಬಂಧಿಸಿದ್ದು. ಬೇಗನೆ ಕೆಡುವ ಅಂಗ ಇದೇ ಆಗಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯನ್ನು ತಿರುಗಿಸಿದಾಗ ‘ಕರಕರ’ ಸದ್ದು ಬಂದು ದನಿ ತಟ್ಟನೆ ಏರಿಳಿಯುತ್ತಿದ್ದುದು ಹಲವರಿಗೆ ನೆನಪಿರಬಹುದು. ಆ ಗುಂಡಿಯ ಒಳಗಿದ್ದುದು ಪೊಟೆನ್ಶಿಯೋಮೀಟರ್ ಎಂಬ ಬಿಡಿಭಾಗ: ಇಂಗಾಲದ ತೆಳುವಾದ ಪದರದ ಮೇಲೆ ಲೋಹದ ಚಿಕ್ಕ ನಾಲಗೆಯೊಂದು ಉಜ್ಜಿಕೊಂಡು ಸರಿಯುತ್ತದೆ, ಅದು ನಿಂತ ಜಾಗಕ್ಕೆ ತಕ್ಕಂತೆ ವಿದ್ಯುತ್ತಿನ ಪ್ರಮಾಣ ಬದಲಾಗುತ್ತದೆ. ಪದರ ಸವೆದಾಗ, ಅದರ ಪುಡಿ ಅಲ್ಲೇ ಕೂತಾಗ, ಗುಂಡಿ ನಿಂತಲ್ಲೇ ಇದ್ದರೂ ಸಂಕೇತ ಅಲುಗಾಡುತ್ತದೆ. ಕಂಟ್ರೋಲರಿನ ಪ್ರತಿಯೊಂದು ಸ್ಟಿಕ್ಕಿನ ಕೆಳಗೂ ಇಂಥವೇ ಎರಡು ಪೊಟೆನ್ಶಿಯೋಮೀಟರ್‌ಗಳು ಒಂದಕ್ಕೊಂದು ಲಂಬವಾಗಿ ಕೂತಿರುತ್ತವೆ. ಒಂದು ಎಡಬಲವನ್ನೂ ಇನ್ನೊಂದು ಮೇಲುಕೆಳಗನ್ನೂ ಅಳೆಯುತ್ತದೆ. ಅವು ಸವೆದಾಗ ಕೈ ಮುಟ್ಟದಿದ್ದರೂ ತೆರೆಯ ಮೇಲಿನ ಪಾತ್ರ ತನ್ನಷ್ಟಕ್ಕೆ ಒಂದು ಕಡೆಗೆ ನಡೆಯತೊಡಗುತ್ತದೆ. ಇದಕ್ಕೆ ಆಟಗಾರರು ಹೇಳುವ ಹೆಸರು ‘ಡ್ರಿಫ್ಟ್’. ನಿಂಟೆಂಡೊ ಸ್ವಿಚ್‌ನ ಜಾಯ್-ಕಾನ್ ಎಂಬ ಕಂಟ್ರೋಲರ್‌ಗಳಲ್ಲಿ ಈ ದೋಷ ಎಷ್ಟು ವ್ಯಾಪಕವಾಗಿತ್ತೆಂದರೆ 2019ರಲ್ಲಿ ಅಮೆರಿಕದಲ್ಲಿ ಮೊಕದ್ದಮೆಗಳು ಹೂಡಲ್ಪಟ್ಟವು, ಮರುವರ್ಷ ಕಂಪನಿಯ ಅಧ್ಯಕ್ಷರೇ ಗ್ರಾಹಕರ ಕ್ಷಮೆ ಕೋರಿದರು.

ಈ ಸವೆತಕ್ಕೆ ಪರಿಹಾರ ಹೊಸದೇನಲ್ಲ. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ಭೌತವಿಜ್ಞಾನಿ, ವಿದ್ಯುತ್ ಹರಿಯುತ್ತಿರುವ ಲೋಹದ ಹಾಳೆಗೆ ಲಂಬವಾಗಿ ಕಾಂತಕ್ಷೇತ್ರವನ್ನು ಒಡ್ಡಿದರೆ ಹಾಳೆಯ ಎರಡು ಅಂಚುಗಳ ನಡುವೆ ಸಣ್ಣದೊಂದು ವಿಭವಾಂತರ ಹುಟ್ಟುತ್ತದೆ ಎಂಬುದನ್ನು ಕಂಡುಹಿಡಿದ. ಅದನ್ನೇ ಹಾಲ್ ಪರಿಣಾಮ ಎನ್ನುತ್ತಾರೆ. ಸ್ಟಿಕ್ಕಿನ ಬುಡಕ್ಕೆ ಚಿಕ್ಕ ಆಯಸ್ಕಾಂತವನ್ನು ಕೂರಿಸಿ, ಅದರ ಚಲನೆಯನ್ನು ತುಸು ದೂರದಲ್ಲಿರುವ ಸಂವೇದಕ ಈ ತತ್ತ್ವದ ಮೂಲಕ ಅಳೆಯುವಂತೆ ಮಾಡಿದರೆ, ಅಳತೆಗಾಗಿ ಒಂದನ್ನೊಂದು ಉಜ್ಜುವ ಭಾಗಗಳೇ ಇರುವುದಿಲ್ಲ; ಉಜ್ಜದಿದ್ದ ಮೇಲೆ ಆ ಬಗೆಯ ಸವೆತವೂ ಇಲ್ಲ. ಜಪಾನಿನ ಸೆಗಾ ಕಂಪನಿಯು 1998ರಲ್ಲಿ ಹೊರತಂದ ಡ್ರೀಮ್‌ಕಾಸ್ಟ್ ಯಂತ್ರದ ಕಂಟ್ರೋಲರಿನಲ್ಲಿಯೇ ಇದನ್ನು ಬಳಸಿತ್ತು. ಆಮೇಲೆ ದೊಡ್ಡ ಕಂಪನಿಗಳು ಪೊಟೆನ್ಶಿಯೋಮೀಟರಿನ ದಾರಿಯಲ್ಲೇ ನಡೆದವು; 2025ರಲ್ಲಿ ಬಂದ ಸ್ವಿಚ್ 2ರ ಜಾಯ್-ಕಾನ್‌ಗಳಲ್ಲಿಯೂ ಹಾಲ್ ಸ್ಟಿಕ್ ಇಲ್ಲವೆಂದು ನಿಂಟೆಂಡೊ ಬಿಡುಗಡೆಗೆ ಮೊದಲೇ ಒಪ್ಪಿಕೊಂಡಿತು. ಮರೆತುಹೋದ ಈ ತಂತ್ರವನ್ನು ಸಾಮಾನ್ಯರ ಕೈಗೆಟಕುವ ಬೆಲೆಗೆ ಮರಳಿ ತಂದ ಕೀರ್ತಿ ಗುಲಿಕಿಟ್, 8ಬಿಟ್‌ಡೂ, ಗೇಮ್‌ಸರ್‌ಗಳಂಥ ಚಿಕ್ಕ ತಯಾರಕರಿಗೆ ಸಲ್ಲಬೇಕು. 2024ರಲ್ಲಿ 8ಬಿಟ್‌ಡೂ ಹೊರತಂದ ‘ಅಲ್ಟಿಮೇಟ್ 2ಸಿ’ ಮಾದರಿಯ ಆಗಿನ ಅಮೆರಿಕದ ಬೆಲೆ 29.99 ಡಾಲರ್, ಅಂದರೆ ಹನ್ನೊಂದೂವರೆ ರಿಯಾಲ್ ಆಗಿತ್ತು. ಅದರಲ್ಲಿ ಸ್ಟಿಕ್ಕಿಗೂ, ಹಿಂಬದಿಯ ಒತ್ತುಗುಂಡಿಗಳಾದ ಟ್ರಿಗರ್‌ಗಳಿಗೂ ಹಾಲ್ ಸಂವೇದಕಗಳಿವೆ. ಅದೇ ಹೊತ್ತಿನಲ್ಲಿ 74.99 ಡಾಲರ್, ಅಂದರೆ ಸುಮಾರು ಇಪ್ಪತ್ತೊಂಬತ್ತು ರಿಯಾಲ್ ಬೆಲೆಯಿದ್ದ ಡ್ಯುಯಲ್‌ಸೆನ್ಸ್ ಹಳೆಯ ಪೊಟೆನ್ಶಿಯೋಮೀಟರನ್ನೇ ಹೊತ್ತಿತ್ತು. ಡ್ಯುಯಲ್‌ಸೆನ್ಸ್‌ಗೆ ಬೇರೆ ಹಿರಿಮೆಗಳಿವೆ, ಅದರ ಸೂಕ್ಷ್ಮ ಕಂಪನವನ್ನು ಅಗ್ಗದ ಕಂಟ್ರೋಲರ್‌ಗಳು ಮುಟ್ಟಲಾರವು. ಆದರೆ ಬಾಳಿಕೆಯ ದೃಷ್ಟಿಯಿಂದ ಅತಿ ದುರ್ಬಲವಾದ ಅಂಗದಲ್ಲಿ ಕಡಿಮೆ ಬೆಲೆಯದು ಮೇಲುಗೈ ಸಾಧಿಸಿರುವ ಇಂಥ ಉದಾಹರಣೆ ಎಲೆಕ್ಟ್ರಾನಿಕ್ ಸಾಮಾನುಗಳ ಲೋಕದಲ್ಲಿ ಅಪರೂಪ.

ಇದಕ್ಕೂ ಈಚಿನದಾದ ‘ಟಿಎಂಆರ್’ ಎಂಬ ಇನ್ನೊಂದು ಬಗೆಯ ಕಾಂತ ಸಂವೇದಕ ಕೆಲವು ಮಾದರಿಗಳಲ್ಲಿ ಬರತೊಡಗಿದೆ. ಅದು ಇನ್ನೂ ಸೂಕ್ಷ್ಮವಾಗಿ ಅಳೆಯುತ್ತದೆ, ವಿದ್ಯುತ್ತನ್ನೂ ಕಡಿಮೆ ಬಳಸುತ್ತದೆ. ಮನೆಯ ಬಳಕೆಗೆ ಎರಡರಲ್ಲಿ ಯಾವುದಾದರೂ ಸಾಕು. ಗಮನಿಸಬೇಕಾದುದು ಪೆಟ್ಟಿಗೆಯ ಮೇಲಿನ ‘ಹಾಲ್’ ಎಂಬ ಪದ ಯಾವ ಅಂಗವನ್ನು ಕುರಿತದ್ದು ಎಂಬುದನ್ನು. ಕೆಲವು ಮಾದರಿಗಳಲ್ಲಿ ಅದು ಟ್ರಿಗರ್‌ಗಳಿಗೆ ಮಾತ್ರ ಅನ್ವಯಿಸಿ ಸ್ಟಿಕ್‌ಗಳು ಹಳೆಯ ಬಗೆಯವೇ ಆಗಿರುತ್ತವೆ. ಹಾಲ್ ಸ್ಟಿಕ್ ಚಿರಂಜೀವಿಯೂ ಅಲ್ಲ: ಅದನ್ನು ನಡುವಿಗೆ ಮರಳಿಸುವ ಸ್ಪ್ರಿಂಗು ಸಡಿಲವಾಗಬಹುದು, ಕಾರ್ಖಾನೆಯಲ್ಲಿ ಹೊಂದಿಸಿದ ಮಧ್ಯಬಿಂದು ಸರಿದಿರಬಹುದು, ತುದಿಯ ರಬ್ಬರು ಸವೆಯಬಹುದು. ಇವುಗಳಲ್ಲಿ ಮಧ್ಯಬಿಂದುವಿನ ದೋಷವನ್ನು ತಂತ್ರಾಂಶದ ಮೂಲಕ ಮತ್ತೆ ಸರಿಹೊಂದಿಸಿಕೊಳ್ಳಬಹುದು.

ಮೂರನೆಯದು ನಿಸ್ತಂತು ಸಂಪರ್ಕದ ದಾರಿ. ಅಗ್ಗದ ಕಂಟ್ರೋಲರ್‌ಗಳಲ್ಲಿ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಒಂದು ಬ್ಲೂಟೂತ್, ಇನ್ನೊಂದು ಬೆರಳ ತುದಿಯಷ್ಟಿರುವ ಡಾಂಗಲ್ ಅನ್ನು ಕಂಪ್ಯೂಟರಿಗೆ ಚುಚ್ಚಿ ಪಡೆಯುವ ಸಂಪರ್ಕ. ಎರಡೂ 2.4 ಗಿಗಾಹರ್ಟ್ಸ್ ಎಂಬ ಒಂದೇ ಅಲೆಪಟ್ಟಿಯಲ್ಲಿ ಸಂಚರಿಸುತ್ತವೆಯಾದರೂ ಬ್ಲೂಟೂತ್ ಎಲ್ಲ ಸಾಧನಗಳಿಗೂ ಸಾಮಾನ್ಯವಾದ ನಿಯಮಗಳಿಗೆ ಒಳಪಟ್ಟಿದೆ, ಡಾಂಗಲ್ ಆ ಕಂಟ್ರೋಲರಿಗೆಂದೇ ಮೀಸಲಾದ ದಾರಿಯಾಗಿರುವುದರಿಂದ ಸುದ್ದಿಯನ್ನು ಬೇಗ ಮುಟ್ಟಿಸುತ್ತದೆ. ‘1000 ಹರ್ಟ್ಸ್ ಪೋಲಿಂಗ್’ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ, ಸೆಕೆಂಡಿಗೆ ಸಾವಿರ ಬಾರಿ ಗುಂಡಿಗಳ ಸ್ಥಿತಿ ವರದಿಯಾಗುತ್ತದೆ ಎಂದರ್ಥ. ಸಾಮಾನ್ಯ ಟಿವಿಯ ತೆರೆ ಸೆಕೆಂಡಿಗೆ ಅರವತ್ತು ಬಾರಿ ಬದಲಾಗುವುದರಿಂದ ಒಂದು ಚಿತ್ರಕ್ಕೂ ಮುಂದಿನದಕ್ಕೂ ಸುಮಾರು ಹದಿನೇಳು ಮಿಲಿಸೆಕೆಂಡುಗಳ ಅಂತರವಿರುತ್ತದೆ; ಹೀಗಾಗಿ ಮಕ್ಕಳು ಆಡುವ ಫುಟ್ಬಾಲ್, ಕಾರ್ ರೇಸುಗಳಿಗೆ ಬ್ಲೂಟೂತ್ ಧಾರಾಳವಾಗಿ ಸಾಕು. ಸ್ಪರ್ಧೆಯ ಮಟ್ಟದಲ್ಲಿ ಆಡುವವರಿಗೆ ಡಾಂಗಲ್ ಇರುವುದೇ ಲೇಸು.

ಮಸ್ಕತ್‌ನ ಫ್ಲ್ಯಾಟುಗಳ ಜೀವನಕ್ಕೆ ಈ ಅಲೆಪಟ್ಟಿಯ ವಿಷಯ ನೇರವಾಗಿ ತಟ್ಟುತ್ತದೆ. ಒಂದೊಂದು ಕಟ್ಟಡದಲ್ಲಿ ಹತ್ತಾರು ಮನೆಗಳಿದ್ದು, ಪ್ರತಿ ಮನೆಯ ವೈಫೈಯೂ ಬಹುಮಟ್ಟಿಗೆ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡುತ್ತಿರುತ್ತದೆ. ಸಂತೆಯಲ್ಲಿ ಪಿಸುಮಾತು ಕೇಳಿಸದಂತೆ ಕಂಟ್ರೋಲರಿನ ಸಂಕೇತ ಆಗಾಗ ತಡವರಿಸುತ್ತದೆ. ಮನೆಯ ರೌಟರನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿಕೊಂಡರೆ ಕನಿಷ್ಠ ತಮ್ಮ ಮನೆಯ ಗದ್ದಲವಾದರೂ ತಗ್ಗುತ್ತದೆ. ಇನ್ನೊಂದು ಕಾರಣ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ: ಯುಎಸ್‌ಬಿ 3.0 ಕಿಂಡಿಗಳೂ ಅವುಗಳಿಗೆ ಜೋಡಿಸಿದ ಹಾರ್ಡ್ ಡಿಸ್ಕ್‌ಗಳೂ ಕೆಲಸ ಮಾಡುವಾಗ ಇದೇ ಅಲೆಪಟ್ಟಿಯಲ್ಲಿ ಗದ್ದಲವನ್ನು ಹೊರಸೂಸುತ್ತವೆ ಎಂಬುದನ್ನು ಇಂಟೆಲ್ ಕಂಪನಿ 2012ರಲ್ಲಿ ಪ್ರಕಟಿಸಿದ ತಾಂತ್ರಿಕ ಬರಹದಲ್ಲಿ ವಿವರಿಸಿತ್ತು. ಕಂಟ್ರೋಲರ್ ಕೆಟ್ಟಿದೆಯೆಂದು ಅಂಗಡಿಗೆ ಮರಳಿಸುವ ಮೊದಲು ಡಾಂಗಲನ್ನು ಯುಎಸ್‌ಬಿ 2.0 ಕಿಂಡಿಗೆ ಅಥವಾ ಮೊಳದುದ್ದದ ಎಕ್ಸ್‌ಟೆನ್ಷನ್ ಕೇಬಲ್ಲಿನ ತುದಿಗೆ ಬದಲಿಸಿ ನೋಡಿದರೆ ಎಷ್ಟೋ ದೂರುಗಳು ಅಲ್ಲಿಗೇ ಮುಗಿಯುತ್ತವೆ.

ನಾಲ್ಕನೆಯದು ಒಮಾನಿನ ನೆಲಕ್ಕೇ ವಿಶೇಷವಾದ ಪ್ರಶ್ನೆ: ಬಿಸಿಲು. ಮಸ್ಕತ್‌ನ ಆಗ್ನೇಯಕ್ಕೆ ಕಡಲ ತೀರದಲ್ಲಿರುವ ಖುರಿಯಾತ್ ಎಂಬ ಊರಿನಲ್ಲಿ 2018ರ ಜೂನ್ 26ರಂದು ಇಡೀ ದಿನದ ಅತಿ ಕಡಿಮೆ ಉಷ್ಣತೆಯೇ 42.6 ಡಿಗ್ರಿ ಸೆಲ್ಸಿಯಸ್ ಇತ್ತು. ರಾತ್ರಿಯೂ ಅದಕ್ಕಿಂತ ಕೆಳಗಿಳಿಯಲಿಲ್ಲ. ನಿಸ್ತಂತು ಕಂಟ್ರೋಲರಿನೊಳಗಿನ ಲಿಥಿಯಂ ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ನಿಲ್ಲಿಸಿದ ಕಾರಿನ ಒಳಗೆ, ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಆ ಮಿತಿ ಬಹಳ ಬೇಗ ದಾಟಿಹೋಗುತ್ತದೆ. ಅದಕ್ಕಿಂತಲೂ ಮೌನವಾಗಿ ಹಾನಿಮಾಡುವುದು ಬೇಸಗೆ ರಜೆ. ಭಾರತೀಯ ಶಾಲೆಗಳಿಗೆ ರಜೆ ಬಿದ್ದೊಡನೆ ಕುಟುಂಬಗಳು ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳತ್ತ ಹೊರಡುತ್ತವೆ. ಎಸಿ ಆರಿಸಿ ಬೀಗ ಹಾಕಿದ ಫ್ಲ್ಯಾಟ್ ವಾರಗಟ್ಟಲೆ ಒಲೆಯಂತೆ ಕಾಯುತ್ತದೆ. ಪೂರ್ತಿ ತುಂಬಿದ ಬ್ಯಾಟರಿ ಅಂಥ ಬಿಸಿಯಲ್ಲಿ ಬೇಗ ಮುದಿಯಾಗುತ್ತದೆ, ಪೂರ್ತಿ ಬರಿದಾದದ್ದು ಮರಳಿ ಏಳದೆಯೇ ಹೋಗಬಹುದು. ಅರ್ಧದಷ್ಟು ಚಾರ್ಜ್ ಉಳಿಸಿ, ಮನೆಯ ಅತಿ ತಣ್ಣನೆಯ ಮೂಲೆಯಲ್ಲಿ ಇಟ್ಟು ಹೋಗುವುದು ಅಥವಾ ಜೊತೆಗೆ ಒಯ್ಯುವುದು ಇದಕ್ಕೆ ದಾರಿ. ಸಾವಿರ ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯ ಸಾಮರ್ಥ್ಯ ನಾಲ್ಕು ವಾಟ್-ಗಂಟೆಯನ್ನೂ ಮುಟ್ಟುವುದಿಲ್ಲ. ವಿಮಾನಯಾನದ ಸಾಮಾನ್ಯ ಮಿತಿ ನೂರು ವಾಟ್-ಗಂಟೆಯಾಗಿರುವುದರಿಂದ ಕೈಚೀಲದಲ್ಲಿ ಒಯ್ಯಲು ಅಡ್ಡಿಯಿಲ್ಲ. ದಕ್ಷಿಣ ಒಮಾನಿನ ಸಲಾಲಾದಲ್ಲಿರುವವರ ಸಮಸ್ಯೆ ಬೇರೆ; ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಖರೀಫ್ ಮಳೆಮಂಜಿನಲ್ಲಿ ಅಲ್ಲಿ ಶಾಖವಿಲ್ಲ, ತೇವವಿದೆ, ಕಂಟ್ರೋಲರನ್ನು ಮುಚ್ಚಿದ ಡಬ್ಬಿಯಲ್ಲಿಡುವುದು ಅಲ್ಲಿಗೆ ತಕ್ಕ ಕ್ರಮ. ಬ್ಯಾಟರಿಯನ್ನು ಬಿಚ್ಚಿ ಬದಲಿಸಬಹುದಾದ ಮಾದರಿ ಸಿಕ್ಕರೆ ಕೊಲ್ಲಿಯ ಹವೆಯಲ್ಲಿ ಅದಕ್ಕೆ ಒಂದೆರಡು ರಿಯಾಲ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೊಳ್ಳುವ ಜಾಗದ ಆಯ್ಕೆಯೂ ಬೆಲೆಯ ಒಂದು ಭಾಗವೇ. ರುವಿಯ ಸಣ್ಣ ಅಂಗಡಿಗಳಲ್ಲಿ ಚೌಕಾಶಿಗೆ ಅವಕಾಶವಿದೆ, ದೊಡ್ಡ ಮಾಲ್‌ಗಳಲ್ಲಿ ಬಿಲ್ಲು ಮತ್ತು ವಾರಂಟಿಯ ವ್ಯವಸ್ಥೆ ಗಟ್ಟಿಯಾಗಿದೆ, ಆನ್‌ಲೈನಿನಲ್ಲಿ ಮಾದರಿಗಳ ವೈವಿಧ್ಯವಿದೆ. 2014ರ 66ನೆಯ ರಾಜಾಜ್ಞೆಯ ಮೂಲಕ ಜಾರಿಗೆ ಬಂದ ಒಮಾನಿನ ಗ್ರಾಹಕ ಸಂರಕ್ಷಣಾ ಕಾನೂನು, ವಸ್ತುವಿನಲ್ಲಿ ದೋಷವಿದ್ದರೆ ಅದನ್ನು ಪಡೆದ 15 ದಿನಗಳೊಳಗೆ ಬದಲಿಸಿಕೊಳ್ಳುವ ಅಥವಾ ಮರಳಿಸಿ ಹಣ ಪಡೆಯುವ ಹಕ್ಕನ್ನು ಕೊಳ್ಳುವವರಿಗೆ ನೀಡಿದೆ. ಅಂಗಡಿಯ ಗೋಡೆಯ ಮೇಲೆ ಏನೇ ಬರೆದಿದ್ದರೂ ಈ ಹಕ್ಕು ವಲಸೆ ಬಂದ ದುಡಿಯುವ ಜನಕ್ಕೂ ಸೇರಿದ್ದು ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಹೊರನಾಡಿನವರು ಜಗಳವೇಕೆಂದು ಸುಮ್ಮನಾಗುವುದೇ ಹೆಚ್ಚು. ಹಕ್ಕನ್ನು ಕೇಳಲು ಬೇಕಾದುದು ಬಿಲ್ಲು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶೇ 5ರ ಮೌಲ್ಯವರ್ಧಿತ ತೆರಿಗೆಯನ್ನು ಉಳಿಸುವ ಆಸೆಗೆ ಬಿಲ್ಲಿಲ್ಲದೆ ಕೊಂಡವರು ಹತ್ತು ರಿಯಾಲಿನಲ್ಲಿ ಐನೂರು ಬೈಸಾ, ಅಂದರೆ ಅರ್ಧ ರಿಯಾಲ್, ಉಳಿಸಿ ಹತ್ತು ರಿಯಾಲಿನ ಭದ್ರತೆಯನ್ನು ಬಿಟ್ಟುಕೊಟ್ಟಂತಾಗುತ್ತದೆ. ರಜೆಯಲ್ಲಿ ಊರಿನಿಂದ ತಂದ ಕಂಟ್ರೋಲರಿಗೆ ಭಾರತದ ವಾರಂಟಿ ಇರುತ್ತದೆಯೇ ಹೊರತು ಮಸ್ಕತ್‌ನಲ್ಲಿ ಅದು ನಡೆಯುವುದಿಲ್ಲ. ಹೊರದೇಶದಿಂದ ತರಿಸಿದ್ದನ್ನು ಮರಳಿ ಕಳಿಸುವ ಖರ್ಚು ಅನೇಕ ವೇಳೆ ಅದರ ಬೆಲೆಯ ಗಣನೀಯ ಭಾಗವೇ ಆಗಿಬಿಡುತ್ತದೆ.

ಆ ಹದಿನೈದು ದಿನಗಳನ್ನು ಪರೀಕ್ಷೆಗೆ ಬಳಸಿಕೊಳ್ಳುವುದು ಜಾಣತನ. ವಿಂಡೋಸ್ ಕಂಪ್ಯೂಟರಿನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಕಂಟ್ರೋಲರ್‌ಗಳ ಪರೀಕ್ಷೆಗೆಂದೇ ಒಂದು ಕಿಟಕಿಯಿದೆ. ಸ್ಟಿಕ್ಕನ್ನು ಬಿಟ್ಟಾಗ ಅಲ್ಲಿನ ಗುರುತು ನಡುವಿಗೆ ಬಂದು ನಿಲ್ಲಬೇಕು, ಸುತ್ತ ತಿರುಗಿಸಿದಾಗ ಎಲ್ಲ ಅಂಚುಗಳನ್ನೂ ಮುಟ್ಟಬೇಕು, ಟ್ರಿಗರನ್ನು ನಿಧಾನವಾಗಿ ಒತ್ತಿದಾಗ ಅಳತೆಪಟ್ಟಿಯೂ ನಿಧಾನವಾಗಿ ಏರಬೇಕು. ನಡುವಿನಿಂದ ಕೂದಲೆಳೆಯಷ್ಟು ಸರಿದಿದ್ದರೆ ಚಿಂತೆಯಿಲ್ಲ. ಆಟಗಳಲ್ಲಿ ‘ಡೆಡ್ ಜೋನ್’ ಎಂಬ, ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಲಯವೊಂದು ಇರುತ್ತದೆ. ಗುರುತು ದಿನದಿಂದ ದಿನಕ್ಕೆ ಇನ್ನೂ ದೂರ ಸರಿಯುತ್ತಿದ್ದರೆ ಅದು ಮರಳಿಸಬೇಕಾದ ವಸ್ತು.

ತಯಾರಕರು ಫರ್ಮ್‌ವೇರ್ ಪರಿಷ್ಕರಣೆ, ಅಂದರೆ ಕಂಟ್ರೋಲರಿನೊಳಗಿನ ತಂತ್ರಾಂಶದ ಹೊಸ ಆವೃತ್ತಿಗಳನ್ನು ಒದಗಿಸುತ್ತಾರೆಯೇ ಎಂಬುದನ್ನೂ ನೋಡಬೇಕು. 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಾಗ ಹಳೆಯ ಥರ್ಡ್ ಪಾರ್ಟಿ ಕಂಟ್ರೋಲರ್‌ಗಳಲ್ಲಿ ಅನೇಕವು ಅದರೊಂದಿಗೆ ಕೆಲಸ ಮಾಡಲು ನಿರಾಕರಿಸಿದವು. 8ಬಿಟ್‌ಡೂ ಪರಿಷ್ಕರಣೆಗಳನ್ನು ಹೊರಡಿಸಿದ್ದರಿಂದ ಅದರ ಹಲವು ಮಾದರಿಗಳಿಗೆ ಮರುಜೀವ ಬಂತು, ಹೆಸರಿಲ್ಲದ ತಯಾರಕರ ಕಂಟ್ರೋಲರ್‌ಗಳಿಗೆ ಅಂಥ ಭಾಗ್ಯವಿರಲಿಲ್ಲ. ಆರು ರಿಯಾಲಿಗೂ ಹತ್ತು ರಿಯಾಲಿಗೂ ನಡುವಿನ ನಾಲ್ಕು ರಿಯಾಲ್ ಮುಖ್ಯವಾಗಿ ಕೊಳ್ಳುವುದು ಈ ಮುಂದುವರಿದ ಸಂಬಂಧವನ್ನು.

ಕೊನೆಯದಾಗಿ ಡಾಂಗಲ್. ಅದು ಕಳೆದುಹೋದರೆ ಬ್ಲೂಟೂತ್ ಇಲ್ಲದ ಕಂಟ್ರೋಲರಿಗೆ ನಿಸ್ತಂತು ಬಾಳು ಅಲ್ಲಿಗೆ ಮುಗಿಯುತ್ತದೆ, ಬಿಡಿಯಾಗಿ ಅದನ್ನು ಹುಡುಕಿ ತರುವುದು ರುವಿಯಲ್ಲಿಯೂ ಸುಲಭವಲ್ಲ. ಕೆಲವು ತಯಾರಕರು ಅದನ್ನಿಡಲು ಕಂಟ್ರೋಲರಿನಲ್ಲಿಯೋ ಚಾರ್ಜಿಂಗ್ ಕಟ್ಟೆಯಲ್ಲಿಯೋ ಚಿಕ್ಕ ಗೂಡೊಂದನ್ನು ಕೊಟ್ಟಿರುತ್ತಾರೆ. ಅಂಥ ಗೂಡು ಇಲ್ಲದಿದ್ದರೆ, ಊರಿಗೆ ಹೊರಡುವ ಗಡಿಬಿಡಿಯಲ್ಲಿ ಅದು ಕಂಪ್ಯೂಟರಿನ ಹಿಂಬದಿಯಲ್ಲಿಯೇ ಉಳಿದು, ಕಂಟ್ರೋಲರ್ ಮಾತ್ರ ಮಂಗಳೂರು ತಲುಪದಂತೆ ಎರಡನ್ನೂ ಒಂದೇ ಚೀಲದಲ್ಲಿ ಹಾಕಿಡಬೇಕು.